ಹೇಗ್ ನ್ಯಾಯಾಲಯದ ಬಾಗಿಲು ತೆರೆಯುವುದು ಯಾವಾಗ?

ನ್ಯಾಯಾಲಯವೂ ಒಂದೇ, ಕಕ್ಷಿದಾರ ದೇಶಗಳೂ ಅವೇ. ಆದರೆ ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯವು ಭಾರತದ ವಿರುದ್ಧ ಪಾಕಿಸ್ತಾನ 1999ರಲ್ಲಿ ಹೂಡಿದ ದಾವೆಯನ್ನು ತನ್ನ ವ್ಯಾಪ್ತಿಗೆ ಬಾರದೆಂದು ಕೈಬಿಟ್ಟಿತು. ಪಾಕಿಸ್ತಾನದ ವಿರುದ್ಧ ಭಾರತ 2017ರಲ್ಲಿ ಹೂಡಿದ ದಾವೆಯನ್ನು ವಿಚಾರಿಸಿ ತೀರ್ಪಿತ್ತಿತು. ಈ ವ್ಯತ್ಯಾಸದ ಮೂಲ 'ಕಡ್ಡಾಯ ನ್ಯಾಯವ್ಯಾಪ್ತಿ' ಎಂಬ ವ್ಯವಸ್ಥೆಯಲ್ಲಿದೆ.

ಸಮ್ಮತಿಯೇ ಆಧಾರ

ದೇಶದೊಳಗಿನ ನ್ಯಾಯಾಲಯ ಸಮನ್ಸ್ ನೀಡಿದರೆ ಪ್ರತಿವಾದಿ ಉತ್ತರಿಸಲೇಬೇಕು. ಸಾರ್ವಭೌಮ ರಾಷ್ಟ್ರಗಳಿಗೆ ಈ ನಿಯಮ ಅನ್ವಯಿಸದು. ಅವುಗಳ ಸಮ್ಮತಿಯಿಲ್ಲದೆ ಹೇಗ್‌ನಲ್ಲಿ ವಿಚಾರಣೆ ಅಸಾಧ್ಯ. ನ್ಯಾಯಾಲಯದ ಸಂವಿಧಿಯ 36(2)ನೇ ವಿಧಿಯ ಪ್ರಕಾರ, ಕಾನೂನು ಸಂಬಂಧಿ ವಿವಾದಗಳಲ್ಲಿ ಅದರ ಅಧಿಕಾರವನ್ನು ಒಪ್ಪುವುದಾಗಿ ಯಾವುದೇ ಸದಸ್ಯ ರಾಷ್ಟ್ರ ಮುಂಚಿತವಾಗಿಯೇ ಘೋಷಿಸಬಹುದು. ಇಂತಹ ಘೋಷಣೆ ಮಾಡಿದ ರಾಷ್ಟ್ರಗಳ ನಡುವೆ ಮಾತ್ರ ಅದು ಕಡ್ಡಾಯ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರ ಪೈಕಿ ಬ್ರಿಟನ್ ಮಾತ್ರ ಇದಕ್ಕೆ ಬದ್ಧವಾಗಿದೆ.

ಭಾರತದ ಷರತ್ತುಗಳು

ಪೋರ್ಚುಗಲ್ 1955ರ ಡಿಸೆಂಬರ್ 19ರಂದು ಘೋಷಣೆ ಸಲ್ಲಿಸಿ, ಮೂರೇ ದಿನಗಳಲ್ಲಿ ದಾದ್ರಾ ಮತ್ತು ನಗರ್ ಹವೇಲಿಗೆ ಹಾದುಹೋಗುವ ಹಕ್ಕಿಗಾಗಿ ಭಾರತದ ಮೇಲೆ ದಾವೆ ಹೂಡಿತು. ಭಾರತದ ಪ್ರಾಥಮಿಕ ಆಕ್ಷೇಪಣೆ ಫಲಿಸಲಿಲ್ಲ. ಭಾರತದ 1974ರ ಘೋಷಣೆಯಲ್ಲಿ, 12 ತಿಂಗಳಿಗಿಂತ ಈಚೆಗೆ ಸಮ್ಮತಿ ನೀಡಿದ ದೇಶ ದಾವೆ ಹೂಡುವಂತಿಲ್ಲ ಎಂಬ ಷರತ್ತಿತ್ತು. ಕಾಮನ್‌ವೆಲ್ತ್‌ನ ಹಾಲಿ ಹಾಗೂ ಮಾಜಿ ಸದಸ್ಯರೊಂದಿಗಿನ ವಿವಾದಗಳನ್ನೂ ಹೊರಗಿಡಲಾಗಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಸಲ್ಲಿಸಿದ ಹೊಸ ಘೋಷಣೆಯಲ್ಲೂ ಕಾಮನ್‌ವೆಲ್ತ್ ಷರತ್ತು ಉಳಿದಿದೆ.

ಎರಡು ಅಲಗಿನ ಕತ್ತಿ

1999ರ ಆಗಸ್ಟ್ 10ರಂದು ಪಾಕಿಸ್ತಾನದ ನೌಕಾಪಡೆಯ ಅಟ್ಲಾಂಟಿಕ್ ವಿಮಾನವನ್ನು ಭಾರತೀಯ ವಾಯುಪಡೆ ಕಛ್ ಪ್ರದೇಶದಲ್ಲಿ ಹೊಡೆದುರುಳಿಸಿತು. 16 ಮಂದಿ ಮೃತಪಟ್ಟರು. ಪಾಕಿಸ್ತಾನ ಹೇಗ್‌ನ ಮೊರೆಹೋದಾಗ ಭಾರತ ಕಾಮನ್‌ವೆಲ್ತ್ ಷರತ್ತನ್ನು ಮುಂದಿಟ್ಟಿತು. 2000ದ ಜೂನ್ 21ರಂದು ನ್ಯಾಯಾಲಯ 14-2 ಮತಗಳಿಂದ, ತನಗೆ ವಿಚಾರಣಾಧಿಕಾರವಿಲ್ಲವೆಂದು ಹೇಳಿತು. ತಪ್ಪು ಯಾರದೆಂಬ ಪ್ರಶ್ನೆಯನ್ನು ಅದು ಪರಿಶೀಲಿಸಲೇ ಇಲ್ಲ.

ಆದರೆ ಈ ವ್ಯವಸ್ಥೆ ಪರಸ್ಪರತೆಯ ತತ್ವವನ್ನು ಅವಲಂಬಿಸಿದೆ. ಭಾರತ ದಾವೆ ಹೂಡಿದರೆ, ಭಾರತವೇ ವಿಧಿಸಿದ ಷರತ್ತನ್ನು ಎದುರಾಳಿಯೂ ಬಳಸಬಹುದು. ಹೀಗಾಗಿ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತ ಬೇರೆ ದಾರಿ ಹಿಡಿಯಿತು. ಉಭಯ ದೇಶಗಳೂ ಒಪ್ಪಿದ್ದ, ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದದ ಐಚ್ಛಿಕ ಪ್ರೋಟೋಕಾಲ್ ಅನ್ನು ಆಧಾರವಾಗಿಸಿಕೊಂಡಿತು. 2019ರ ಜುಲೈ 17ರ ತೀರ್ಪು, ಪಾಕಿಸ್ತಾನ ಒಪ್ಪಂದವನ್ನು ಉಲ್ಲಂಘಿಸಿದೆ ಎಂದು ಹೇಳಿ, ಮರಣದಂಡನೆಯ ಮರುಪರಿಶೀಲನೆಗೆ ಸೂಚಿಸಿತು. ಆದರೆ ಶಿಕ್ಷೆಯನ್ನು ರದ್ದುಪಡಿಸಲಿಲ್ಲ.

1999ರಲ್ಲಿ ಭಾರತವನ್ನು ರಕ್ಷಿಸಿದ ಗೋಡೆಯೇ 2017ರಲ್ಲಿ ಅದರ ದಾರಿಗೂ ಅಡ್ಡವಾಗಿತ್ತು. ಪ್ರೋಟೋಕಾಲ್ ಇಲ್ಲದಿದ್ದರೆ ಜಾಧವ್ ಪರವಾದ ವಾದವನ್ನು ಕೇಳುವ ಅಧಿಕಾರವೇ ಹೇಗ್‌ಗೆ ಇರುತ್ತಿರಲಿಲ್ಲ.