ಅಲರ್ಜಿ ಬಾಧೆಯ ಕಾರಣ ಬೇರೆ ಹವಾಮಾನದ ಊರಿಗೆ ವಾಸ ಬದಲಾಯಿಸಲಿಚ್ಛಿಸುವ ಕುಟುಂಬಗಳಿಗೆ ಮಾಹಿತಿ

1. ಪೀಠಿಕೆ

ಮನೆಯಲ್ಲಿ ಒಬ್ಬರಿಗೆ, ಅದರಲ್ಲಿಯೂ ಮಗುವಿಗೆ, ಪದೇ ಪದೇ ಸೀನು, ಮೂಗು ಸೋರುವಿಕೆ, ರಾತ್ರಿ ಕೆಮ್ಮು ಮತ್ತು ಉಬ್ಬಸ ಕಾಣಿಸಿಕೊಂಡಾಗ “ಈ ಊರಿನ ಹವೆ ಒಗ್ಗುತ್ತಿಲ್ಲ, ಊರು ಬದಲಾಯಿಸಿ” ಎಂಬ ಸಲಹೆ ಬಂಧುಗಳಿಂದ ಬರುವುದು ಸಾಮಾನ್ಯ. ಈ ಸಲಹೆಯಂತೆ ಉದ್ಯೋಗ ಬಿಟ್ಟು, ಮಕ್ಕಳನ್ನು ಶಾಲೆಯಿಂದ ಬಿಡಿಸಿ, ಕುಟುಂಬ ಸಮೇತ ಬೇರೆ ಜಿಲ್ಲೆಗೆ ತೆರಳುವವರಿದ್ದಾರೆ. ಅಂತಹವರಲ್ಲಿ ಕೆಲವರಿಗೆ ನಿಜವಾಗಿಯೂ ಉಪಶಮನ ದೊರೆಯುತ್ತದೆ. ಮತ್ತೆ ಕೆಲವರು ಎರಡು ಮೂರು ವರ್ಷಗಳಲ್ಲಿ ಅದೇ ಕಾಯಿಲೆಯೊಂದಿಗೆ, ಆದರೆ ಕರಗಿದ ಉಳಿತಾಯದೊಂದಿಗೆ ಹಿಂದಿರುಗಬೇಕಾಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣವೇನು, ತೀರ್ಮಾನಕ್ಕೆ ಮುನ್ನ ಯಾವುದನ್ನು ಖಚಿತಪಡಿಸಿಕೊಳ್ಳಬೇಕು ಹಾಗೂ ವಾಸ ಬದಲಾಯಿಸಿದಲ್ಲಿ ಯಾವ ದಾಖಲೆಗಳನ್ನು ತಿದ್ದುಪಡಿ ಮಾಡಿಸಬೇಕು ಎಂಬುದನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ಅಲರ್ಜಿ ಎಂದರೇನು?

ಸಾಮಾನ್ಯರಿಗೆ ತೊಂದರೆ ನೀಡದ ವಸ್ತುವೊಂದನ್ನು ಕೆಲವರ ದೇಹವು ಶತ್ರುವೆಂದು ಭಾವಿಸಿ ಪ್ರತಿರೋಧ ತೋರುವುದೇ ಅಲರ್ಜಿ. ಈ ಪದವನ್ನು 1906ರಲ್ಲಿ ಆಸ್ಟ್ರಿಯಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಬಳಕೆಗೆ ತಂದರು. ಇಲ್ಲಿ ಎರಡು ಅಂಶಗಳಿವೆ. ಒಂದು, ದೇಹದ ಪ್ರವೃತ್ತಿ. ಇದು ಬಹುಮಟ್ಟಿಗೆ ಅನುವಂಶೀಯವಾಗಿದ್ದು, ವ್ಯಕ್ತಿ ಎಲ್ಲಿಗೆ ಹೋದರೂ ಅವನೊಂದಿಗೇ ಹೋಗುತ್ತದೆ. ಎರಡು, ಅದನ್ನು ಕೆರಳಿಸುವ ವಸ್ತು. ಇದು ಮಾತ್ರ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ. ಊರು ಬದಲಾಯಿಸುವುದರಿಂದ ಎರಡನೆಯ ಅಂಶವನ್ನಷ್ಟೇ ಬದಲಾಯಿಸಬಹುದು, ಮೊದಲನೆಯದನ್ನಲ್ಲ.

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರ ಅಧ್ಯಯನದಂತೆ, ನಗರದಲ್ಲಿ ಅವರು ಪರಿಶೀಲಿಸಿದ ಮಕ್ಕಳಲ್ಲಿ ಆಸ್ತಮಾ ಪ್ರಮಾಣವು 1979ರಲ್ಲಿ ಶೇ. 9 ಇದ್ದುದು 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಇಪ್ಪತ್ತು ವರ್ಷಗಳಲ್ಲಿ ನಗರದ ಹವಾಮಾನ ಮೂರು ಪಟ್ಟು ಬದಲಾಗಿರಲಿಲ್ಲ. ಜನಸಂಖ್ಯೆ, ವಾಹನಗಳು ಮತ್ತು ವಾಸದ ರೀತಿ ಬದಲಾಗಿದ್ದವು. ಆದ್ದರಿಂದ ತೊಂದರೆಯನ್ನು ಕೇವಲ “ಹವೆ”ಯ ಮೇಲೆ ಹೊರಿಸುವುದು ಸರಿಯಾಗಲಾರದು.

3. ಯಾವ ಪ್ರದೇಶದಲ್ಲಿ ಯಾವ ತೊಂದರೆ?

ಕರ್ನಾಟಕದಲ್ಲಿ ಹವಾಮಾನ ವೈವಿಧ್ಯ ಅಪಾರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಅಧಿಕ ಮಳೆಯಾದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಭಾಗದಲ್ಲಿ ಸುಮಾರು 500 ಮಿಲಿಮೀಟರ್ ಮಳೆಯಾಗುತ್ತದೆ. ಆದರೆ ಪ್ರತಿಯೊಂದು ಪ್ರದೇಶಕ್ಕೂ ಅದರದೇ ಆದ ಅಲರ್ಜಿಕಾರಕಗಳಿವೆ.

(ಅ) ಮನೆಧೂಳಿನ ನುಸಿ: ಬರಿಗಣ್ಣಿಗೆ ಕಾಣದ ಈ ಜೀವಿ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ವಾಸಿಸುತ್ತದೆ. ಇದು ನೀರು ಕುಡಿಯುವುದಿಲ್ಲ. ಗಾಳಿಯ ತೇವಾಂಶವನ್ನೇ ಹೀರಿಕೊಳ್ಳುತ್ತದೆ. ಆದುದರಿಂದ ತೇವಾಂಶ ಶೇ. 70ರಿಂದ 80ರಷ್ಟಿರುವಲ್ಲಿ ಹುಲುಸಾಗಿ ಬೆಳೆದು, ಶೇ. 50ಕ್ಕಿಂತ ಕಡಿಮೆಯಿರುವಲ್ಲಿ ಕ್ಷೀಣಿಸುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಇದಕ್ಕೆ ಅನುಕೂಲ ಹೆಚ್ಚು.

(ಆ) ಬೂಷ್ಟು: ಮಳೆಗಾಲದಲ್ಲಿ ಗೋಡೆ, ಮರದ ಪೆಟ್ಟಿಗೆ, ಬಟ್ಟೆಗಳ ಮೇಲೆ ಬೆಳೆಯುವ ಶಿಲೀಂಧ್ರ. ಸೋರುವ ಕೊಳಾಯಿ ಇದ್ದಲ್ಲಿ ಒಣ ಜಿಲ್ಲೆಯ ಮನೆಯಲ್ಲಿಯೂ ಬೆಳೆಯುತ್ತದೆ.

(ಇ) ಪಾರ್ಥೇನಿಯಂ ಪರಾಗ: “ಕಾಂಗ್ರೆಸ್ ಗಿಡ” ಎಂದೇ ಪರಿಚಿತವಾದ ಈ ಕಳೆ ಖಾಲಿ ನಿವೇಶನ ಮತ್ತು ರಸ್ತೆಯಂಚಿನಲ್ಲಿ ಬೆಳೆಯುತ್ತದೆ. ಇದರ ಹತೋಟಿಗಾಗಿ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತಾದರೂ ಕಳೆ ನಿರ್ಮೂಲವಾಗಿಲ್ಲ. ಇದು ಉಸಿರಾಟದ ತೊಂದರೆಯ ಜೊತೆಗೆ ಚರ್ಮದ ಉರಿಯೂತವನ್ನೂ ಉಂಟುಮಾಡುತ್ತದೆ.

(ಈ) ಬಳ್ಳಾರಿ ಜಾಲಿ ಪರಾಗ: ಒಣ ಜಿಲ್ಲೆಗಳ ಕೆರೆಯಂಗಳ ಮತ್ತು ಗೋಮಾಳಗಳಲ್ಲಿ ವ್ಯಾಪಕವಾಗಿ ಹಬ್ಬಿರುವ ಈ ಗಿಡದ ಪರಾಗವೂ ಅಲರ್ಜಿಕಾರಕವೇ. ನುಸಿಯಿಂದ ಪಾರಾಗಲು ಬಯಲುಸೀಮೆಗೆ ಬಂದವರು ಇದನ್ನು ಗಮನದಲ್ಲಿರಿಸಿಕೊಳ್ಳಬೇಕು.

(ಉ) ಹೊಗೆ ಮತ್ತು ಧೂಳು: ಸೌದೆ ಒಲೆ, ಸೊಳ್ಳೆಬತ್ತಿ, ಊದುಬತ್ತಿ, ಬೀಡಿ-ಸಿಗರೇಟು, ವಾಹನದ ಹೊಗೆ, ಕಲ್ಲುಪುಡಿ ಘಟಕದ ಧೂಳು ಇವು ಅಲರ್ಜಿಯನ್ನು ಹುಟ್ಟಿಸದಿದ್ದರೂ ಶ್ವಾಸನಾಳವನ್ನು ಕೆರಳಿಸುತ್ತವೆ. ಇವು ಯಾವುದೇ ಹವಾಮಾನಕ್ಕೆ ಸೀಮಿತವಲ್ಲ.

ಆಹಾರ ಮತ್ತು ಔಷಧಗಳ ಅಲರ್ಜಿಗೆ ಹವಾಮಾನದ ಸಂಬಂಧವಿಲ್ಲ. ಅದಕ್ಕಾಗಿ ಊರು ಬದಲಾಯಿಸುವುದರಿಂದ ಪ್ರಯೋಜನವಿಲ್ಲ.

4. ಅಮೆರಿಕದ ಅರಿಜೋನಾ ರಾಜ್ಯದ ಅನುಭವ

ಹವಾ ಬದಲಾವಣೆಯ ಲಾಭ-ನಷ್ಟಗಳೆರಡನ್ನೂ ತೋರುವ ಉದಾಹರಣೆಯೆಂದರೆ ಅರಿಜೋನಾ. ಒಣಹವೆಯ ಮರುಭೂಮಿ ಪ್ರದೇಶವಾದ ಕಾರಣ ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿನ ಟೂಸಾನ್, ಫೀನಿಕ್ಸ್ ನಗರಗಳಿಗೆ ಹೋಗುವಂತೆ ಉಬ್ಬಸ ರೋಗಿಗಳಿಗೆ ವೈದ್ಯರು ಸಲಹೆ ನೀಡುತ್ತಿದ್ದರು. ಹಾಗೆ ಬಂದು ನೆಲೆಸಿದವರು ತಮ್ಮ ಹಿಂದಿನ ಊರುಗಳಂತೆ ನೆರಳಿರಲೆಂದು ಹಿಪ್ಪುನೇರಳೆ ಮತ್ತು ಆಲಿವ್ ಮರಗಳನ್ನು ನೆಟ್ಟರು. ಅಂಗಳಕ್ಕೆ ಹುಲ್ಲುಹಾಸು ಬೆಳೆಸಿದರು. ಇವುಗಳ ಪರಾಗದಿಂದ ಅಲರ್ಜಿ ಅಲ್ಲಿಯೂ ಹೆಚ್ಚಿತು. 1980ರ ದಶಕದಲ್ಲಿ ಟೂಸಾನ್ ನಗರವಿರುವ ಪಿಮಾ ಕೌಂಟಿಯ ಆಡಳಿತವು ಆ ಮರಗಳ ಮಾರಾಟವನ್ನೇ ನಿರ್ಬಂಧಿಸಬೇಕಾಯಿತು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಅಲರ್ಜಿ ಪ್ರವೃತ್ತಿಯುಳ್ಳ ವ್ಯಕ್ತಿ ಹೊಸ ಸ್ಥಳಕ್ಕೆ ಬಂದಾಗ ಅಲ್ಲಿನ ಪರಾಗಗಳು ಅವನ ದೇಹಕ್ಕೆ ಅಪರಿಚಿತ. ಕೆಲವು ವರ್ಷಗಳ ಒಡನಾಟದ ನಂತರ ಅವುಗಳಿಗೂ ಅಲರ್ಜಿ ಬೆಳೆಯುವ ಸಾಧ್ಯತೆಯಿದೆ. ಆದ್ದರಿಂದ ಮೊದಲ ವರ್ಷದ ಆರೋಗ್ಯವನ್ನು ಕಾಯಂ ಗುಣವೆಂದು ಭಾವಿಸಬಾರದು.

ಹಾಗೆಂದು ಹವಾ ಬದಲಾವಣೆ ನಿರರ್ಥಕವೆಂದು ತಿಳಿಯತಕ್ಕದ್ದಲ್ಲ. ಸ್ವಿಟ್ಜರ್ಲೆಂಡಿನ ದಾವೋಸ್ ಸುಮಾರು 1,560 ಮೀಟರ್ ಎತ್ತರದಲ್ಲಿದ್ದು, ಒಣಹವೆಯ ಕಾರಣ ಅಲ್ಲಿ ನುಸಿಗಳು ಅತ್ಯಲ್ಪ. ನುಸಿ ಅಲರ್ಜಿಯುಳ್ಳ ರೋಗಿಗಳು ಅಲ್ಲಿದ್ದಷ್ಟು ಕಾಲ ಸುಧಾರಿಸಿದ್ದು, ಕೆಳನಾಡಿಗೆ ಮರಳಿದ ಬಳಿಕ ತೊಂದರೆ ಮರುಕಳಿಸಿದ್ದು ಕಂಡುಬಂದಿದೆ. ಕಾರಣ ತಿಳಿದು ಸ್ಥಳ ಆರಿಸಿದಲ್ಲಿ ಲಾಭವುಂಟು. ಕಾರಣ ತಿಳಿಯದೆ ಹೋದಲ್ಲಿ ಅದು ಅದೃಷ್ಟದ ಮಾತು.

5. ತೀರ್ಮಾನಕ್ಕೆ ಮುನ್ನ

ಒಂದು ಉದಾಹರಣೆಯನ್ನು ಪರಿಗಣಿಸಬಹುದು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಕುಟುಂಬವೊಂದರ ಎಂಟು ವರ್ಷದ ಮಗಳಿಗೆ ಉಬ್ಬಸವಿದೆ ಎಂದು ಭಾವಿಸೋಣ. ದಸರಾ ರಜೆಯಲ್ಲಿ ಚಳ್ಳಕೆರೆಯ ಅಜ್ಜಿಯ ಮನೆಯಲ್ಲಿ ಹದಿನೈದು ದಿನ ಆಕೆ ಒಮ್ಮೆಯೂ ಕೆಮ್ಮಲಿಲ್ಲ. ತಂದೆ ಕಾರ್ಖಾನೆಯ ಕೆಲಸ ಬಿಟ್ಟು ಅಲ್ಲಿಯೇ ನೆಲೆಸಲು ಯೋಚಿಸುತ್ತಾರೆ. ಮಗು ರಾತ್ರಿಯಿಡೀ ಉಸಿರಿಗಾಗಿ ಒದ್ದಾಡುವುದನ್ನು ಕಂಡ ಯಾವ ತಂದೆಗಾದರೂ ಈ ಯೋಚನೆ ಬರುವುದು ಸಹಜವೇ. ಆದರೆ ಆ ಹದಿನೈದು ದಿನಗಳಲ್ಲಿ ಬದಲಾದುದು ಹವಾಮಾನ ಮಾತ್ರವಲ್ಲ. ಮಗು ಮಲಗುವ ಹಾಸಿಗೆ, ಸ್ನಾನಗೃಹದ ತೇವದ ಗೋಡೆ, ಶಾಲೆಯ ಗುಂಪಿನಲ್ಲಿ ಹರಡುವ ನೆಗಡಿ, ರಸ್ತೆಯ ಹೊಗೆ ಇವೆಲ್ಲವೂ ಬದಲಾಗಿದ್ದವು. ತೇವದ ಗೋಡೆಯೇ ಕಾರಣವಾಗಿದ್ದಲ್ಲಿ ಅದೇ ಬಡಾವಣೆಯಲ್ಲಿ ಗಾಳಿ-ಬೆಳಕಿರುವ ಮತ್ತೊಂದು ಮನೆ ಸಾಕಾಗಬಹುದು. ಆದುದರಿಂದ ಈ ಕೆಳಕಂಡ ಕ್ರಮ ಅನುಸರಿಸುವುದು ಸೂಕ್ತ.

ಮೊದಲನೆಯದಾಗಿ, ಕಾರಣವನ್ನು ಪತ್ತೆ ಮಾಡಿಸುವುದು. ಚರ್ಮದ ಮೇಲೆ ನಡೆಸುವ ಚುಚ್ಚು ಪರೀಕ್ಷೆ ಅಥವಾ ರಕ್ತಪರೀಕ್ಷೆಯಿಂದ ಅಲರ್ಜಿಕಾರಕವನ್ನು ತಿಳಿಯಬಹುದು. ಅಲರ್ಜಿ ಮಾತ್ರೆಗಳು ಚರ್ಮದ ಪರೀಕ್ಷೆಯ ಫಲಿತಾಂಶವನ್ನು ಮರೆಮಾಚುವುದರಿಂದ ಅವುಗಳನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳತಕ್ಕದ್ದು. ಬೆಂಗಳೂರಿನಲ್ಲಿ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಉಸಿರಾಟದ ಕಾಯಿಲೆಗಳಿಗೆ ಮೀಸಲಾದ ಆಸ್ಪತ್ರೆಯಾಗಿದೆ. ಇತರೆಡೆಯವರು ಜಿಲ್ಲಾ ಆಸ್ಪತ್ರೆಯ ವೈದ್ಯರ ಸಲಹೆ ಪಡೆಯಬಹುದು.

ಎರಡನೆಯದಾಗಿ, ಮನೆಯನ್ನು ಸರಿಪಡಿಸಿ ನೋಡುವುದು. ಹೊದಿಕೆಗಳನ್ನು ವಾರಕ್ಕೊಮ್ಮೆ 55 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ನೀರಿನಲ್ಲಿ ಒಗೆಯುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕುವುದು, ಸೋರಿಕೆ ನಿಲ್ಲಿಸುವುದು, ಮನೆಯೊಳಗಿನ ಹೊಗೆ ತಪ್ಪಿಸುವುದು ಮತ್ತು ಸುತ್ತಲಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನವೇ ಕೀಳಿಸುವುದು ಇದರಲ್ಲಿ ಸೇರಿವೆ. ಅಲರ್ಜಿಯುಳ್ಳವರು ಸ್ವತಃ ಆ ಗಿಡವನ್ನು ಮುಟ್ಟಬಾರದು. ಇದರೊಂದಿಗೆ ವೈದ್ಯರು ಸೂಚಿಸಿದ ಇನ್‌ಹೇಲರನ್ನು ಕ್ರಮ ತಪ್ಪದೆ ಬಳಸಿದ ಮೇಲೂ ತೊಂದರೆ ಹತೋಟಿಗೆ ಬಾರದಿದ್ದಲ್ಲಿ ಮಾತ್ರ ಊರು ಬದಲಾವಣೆಯ ವಿಚಾರ ಮಾಡುವುದು ಯುಕ್ತ.

ಮೂರನೆಯದಾಗಿ, ಪ್ರಾಯೋಗಿಕವಾಗಿ ವಾಸಿಸಿ ನೋಡುವುದು. ಹೊಸ ಊರಿನಲ್ಲಿ ವರ್ಷದ ಬೇರೆ ಬೇರೆ ಋತುಗಳಲ್ಲಿ, ವಿಶೇಷವಾಗಿ ಅಲ್ಲಿ ಹೂ ಬಿಡುವ ಮತ್ತು ಸುಗ್ಗಿಯ ಕಾಲದಲ್ಲಿ, ಕೆಲವು ವಾರಗಳಂತೆ ಇದ್ದು ನೋಡಬೇಕು. ಕೆಮ್ಮಿದ ರಾತ್ರಿಗಳು, ಬಳಸಿದ ಔಷಧ, ಶಾಲೆ ತಪ್ಪಿದ ದಿನಗಳನ್ನು ಎರಡೂ ಊರುಗಳಲ್ಲಿ ಒಂದೇ ಪುಸ್ತಕದಲ್ಲಿ ಬರೆದಿಡಬೇಕು.

ನಾಲ್ಕನೆಯದಾಗಿ, ಲೆಕ್ಕ ಹಾಕುವುದು. ಒಂದು ಹಾಳೆಯ ಎಡಭಾಗದಲ್ಲಿ ವಾಸ ಬದಲಾವಣೆಯ ವೆಚ್ಚ, ಅಂದರೆ ಮುಂಗಡ ಠೇವಣಿ, ಸಾಮಾನು ಸಾಗಣೆ, ಕಡಿಮೆಯಾಗುವ ಸಂಬಳ, ಹೊಸ ಶಾಲೆಯ ಖರ್ಚುಗಳನ್ನು ಬರೆಯಬೇಕು. ಬಲಭಾಗದಲ್ಲಿ ಈಗ ವರ್ಷಕ್ಕೆ ತಗಲುವ ಔಷಧ, ಆಸ್ಪತ್ರೆ ಹಾಗೂ ರಜೆಯ ಖರ್ಚನ್ನು ಬರೆಯಬೇಕು. ಊರು ಬದಲಾಯಿಸಿದ ಮೇಲೂ ಔಷಧದ ಖರ್ಚು ಪೂರ್ಣ ನಿಲ್ಲುವುದಿಲ್ಲ ಎಂದು ಇಟ್ಟುಕೊಂಡೇ ಲೆಕ್ಕ ಮಾಡತಕ್ಕದ್ದು. ರಾತ್ರಿ ವೇಳೆ ಉಬ್ಬಸ ಉಲ್ಬಣಿಸಿದಲ್ಲಿ ತಲುಪಬಹುದಾದ ಆಸ್ಪತ್ರೆ ಎಷ್ಟು ದೂರವಿದೆ ಎಂಬುದನ್ನೂ ನಮೂದಿಸಬೇಕು. ಇದು ರೂಪಾಯಿಯಲ್ಲಿ ಬರೆಯಲಾಗದ ವೆಚ್ಚ.

6. ವಾಸ ಬದಲಾಯಿಸಿದಲ್ಲಿ ಪಡೆಯಬೇಕಾದ ಸೇವೆಗಳು

ಪಡಿತರ: ಪ್ರಾಯೋಗಿಕ ವಾಸದ ಅವಧಿಯಲ್ಲಿ ಪಡಿತರ ಚೀಟಿಯ ವಿಳಾಸ ಬದಲಾಯಿಸುವ ಅಗತ್ಯವಿಲ್ಲ. ಅರ್ಹ ಕುಟುಂಬಗಳು ಬೇರೆ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಚ್ಚು ನೀಡಿ ಧಾನ್ಯ ಪಡೆಯಬಹುದು. ಅಂತರರಾಜ್ಯ ವ್ಯವಸ್ಥೆಯಾದ ‘ಒಂದು ದೇಶ ಒಂದು ಪಡಿತರ ಚೀಟಿ’ಗೆ ಕರ್ನಾಟಕವು ಜನವರಿ 2020ರಲ್ಲಿ ಸೇರಿದೆ. ಕಾಯಂ ಆಗಿ ನೆಲೆಸಿದ ನಂತರ ವಿಳಾಸ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕು.

ಆಧಾರ್: ಇತರ ಹಲವು ಸೇವೆಗಳಿಗೆ ಇದೇ ವಿಳಾಸದ ಆಧಾರವಾಗುವುದರಿಂದ ಮೊದಲು ಇದನ್ನು ತಿದ್ದುಪಡಿ ಮಾಡಿಸುವುದು ಅನುಕೂಲ. ಸ್ವಂತ ಹೆಸರಿನಲ್ಲಿ ವಿಳಾಸದ ದಾಖಲೆ ಇಲ್ಲದ ಸದಸ್ಯರು ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇರೆಗೆ ವಿಳಾಸ ಬದಲಾಯಿಸಿಕೊಳ್ಳಲು 2023ರಿಂದ ಅವಕಾಶವಿದೆ.

ಶಾಲೆ: ಶಿಕ್ಷಣ ಹಕ್ಕು ಅಧಿನಿಯಮ, 2009ರ 5ನೇ ಪ್ರಕರಣದಂತೆ 1ರಿಂದ 8ನೇ ತರಗತಿವರೆಗಿನ ಮಗುವಿಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಪಡೆಯುವ ಹಕ್ಕಿದೆ. ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರವನ್ನು ಕೂಡಲೇ ನೀಡತಕ್ಕದ್ದು. ಪತ್ರ ತಡವಾಯಿತೆಂದು ಹೊಸ ಶಾಲೆಯು ದಾಖಲಾತಿ ನಿರಾಕರಿಸುವಂತಿಲ್ಲ. ಮಗುವಿನ ಉಬ್ಬಸದ ವಿಷಯ ಮತ್ತು ಇನ್‌ಹೇಲರ್ ಬಳಕೆಯ ವಿಧಾನವನ್ನು ಹೊಸ ಶಾಲೆಯ ಶಿಕ್ಷಕರಿಗೆ ಬರಹದಲ್ಲಿ ತಿಳಿಸಬೇಕು.

ಮತದಾರರ ಪಟ್ಟಿ: ವಾಸಸ್ಥಳ ಬದಲಾವಣೆಗೆ ನಮೂನೆ 8ರಲ್ಲಿ ಅರ್ಜಿ ಸಲ್ಲಿಸಬೇಕು.

ವಾಹನ: ಮೋಟಾರು ವಾಹನಗಳ ಅಧಿನಿಯಮ, 1988ರಂತೆ ವಿಳಾಸ ಬದಲಾದ 30 ದಿನಗಳೊಳಗಾಗಿ ಸಾರಿಗೆ ಕಚೇರಿಗೆ ತಿಳಿಸಬೇಕು.

ವಿದ್ಯುತ್: ಗೃಹಜ್ಯೋತಿ ಸೌಲಭ್ಯ ಪಡೆಯುತ್ತಿರುವ ಬಾಡಿಗೆದಾರರು ಹಳೆಯ ಮನೆಯ ಸಂಪರ್ಕದೊಂದಿಗಿನ ಆಧಾರ್ ಜೋಡಣೆಯನ್ನು ತೆಗೆಸಿದ ನಂತರವೇ ಹೊಸ ಮನೆಗೆ ನೋಂದಾಯಿಸಬೇಕು.

ಚಿಕಿತ್ಸೆ: ಹಿಂದಿನ ವೈದ್ಯರಿಂದ ರೋಗದ ವಿವರ, ಪರೀಕ್ಷಾ ವರದಿ ಹಾಗೂ ಔಷಧ ಚೀಟಿಗಳ ಪ್ರತಿ ಪಡೆದೇ ಹೊರಡಬೇಕು. ಆರೋಗ್ಯ ಸುಧಾರಿಸಿತೆಂದು ವೈದ್ಯರ ಸಲಹೆಯಿಲ್ಲದೆ ಔಷಧ ನಿಲ್ಲಿಸುವುದು ಅಪಾಯಕಾರಿ.

ಅನಾರೋಗ್ಯದ ಕಾರಣ ವರ್ಗಾವಣೆ ಕೋರುವ ಸರ್ಕಾರಿ ನೌಕರರು ತಮ್ಮ ಇಲಾಖೆಗೆ ಅನ್ವಯಿಸುವ ನಿಯಮಗಳನ್ನು ಪರಿಶೀಲಿಸಿ, ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಅರ್ಜಿ ಸಲ್ಲಿಸಬೇಕು. “ಹವೆ ಒಗ್ಗುವುದಿಲ್ಲ” ಎಂಬ ಸಾಮಾನ್ಯ ಹೇಳಿಕೆಗಿಂತ ಅಲರ್ಜಿಕಾರಕವನ್ನು ಹೆಸರಿಸುವ ವರದಿ ಹೆಚ್ಚು ಉಪಯುಕ್ತ. ಸಕಾಲ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯತಕ್ಕದ್ದು.

7. ಸಾರಾಂಶ

ಮೇಲಿನ ಉದಾಹರಣೆಯ ಕುಟುಂಬವು ಪರೀಕ್ಷೆಯಲ್ಲಿ ನುಸಿಯ ಅಲರ್ಜಿ ದೃಢಪಟ್ಟು, ಮನೆ ಸರಿಪಡಿಸಿದ ಮೇಲೂ ಮಗು ಬಳಲುತ್ತಿದ್ದು, ಎರಡು ಋತುಗಳಲ್ಲಿ ಚಳ್ಳಕೆರೆಯಲ್ಲಿ ನೆಮ್ಮದಿಯಿಂದ ನಿದ್ರಿಸಿದ್ದಲ್ಲಿ, ಧೈರ್ಯವಾಗಿ ಹೊರಡಬಹುದು. ಹಾಗಲ್ಲದೆ ಗೋಡೆಯ ಸೋರಿಕೆ ನಿಂತೊಡನೆ ಕೆಮ್ಮೂ ನಿಂತಲ್ಲಿ, ಆ ತಂದೆಯ ಕೆಲಸ, ಆ ಮಗುವಿನ ಶಾಲೆ ಎರಡೂ ಉಳಿಯುತ್ತವೆ. ಯಾವುದೇ ತೀರ್ಮಾನವು ಕಾರಣವನ್ನು ತಿಳಿದ ನಂತರ ಆಗಲಿ ಎಂಬುದೇ ಈ ಮಾಹಿತಿಯ ಉದ್ದೇಶ.

ವಿ.ಸೂ.: ಮೇಲ್ಕಂಡ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ, ಇವು ವೈದ್ಯರ ಸಲಹೆಗೆ ಬದಲಿಯಲ್ಲ. ಉಸಿರಾಟಕ್ಕೆ ತೀವ್ರ ತೊಂದರೆ, ಮಾತನಾಡಲಾಗದಿರುವಿಕೆ ಅಥವಾ ತುಟಿ ನೀಲಿಗಟ್ಟುವಿಕೆ ಕಂಡುಬಂದಲ್ಲಿ ವಿಳಂಬ ಮಾಡದೆ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಸೇವೆ ಪಡೆಯತಕ್ಕದ್ದು.