ಥಾಯ್ಲೆಂಡಿನ ಶಾಲೆಯಲ್ಲಿ ನಾನು ಕಂಡ ಗುರುಪೂಜೆ



ಬಿ.ಎಡ್. ಓದುತ್ತಿದ್ದಾಗ, 2019ರ ಮೇ ಕೊನೆಯಿಂದ ಆರು ವಾರ, ಥಾಯ್ಲೆಂಡಿನ ಒಂದು ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವ ಅವಕಾಶ ನನಗೆ ಸಿಕ್ಕಿತ್ತು. ಅದು ಆ ದೇಶದ ಈಶಾನ್ಯ ಭಾಗ. ಅದನ್ನು ಅವರು ‘ಈಸಾನ್’ ಅಂತಾರೆ. ಸಂಸ್ಕೃತದ ‘ಈಶಾನ’ ಪದವೇ ಅದು. ಹೆಸರು ಕೇಳಿದ ಕೂಡಲೇ ನನ್ನ ಅರ್ಧ ಭಯ ಹೋಯಿತು.

ಅಲ್ಲಿ ಬೆಳಿಗ್ಗೆ ಸರಿಯಾಗಿ 8 ಗಂಟೆಗೆ ಬಾವುಟ ಏರಿಸಿ ರಾಷ್ಟ್ರಗೀತೆ ಹಾಡುತ್ತಾರೆ. ಆಮೇಲೆ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ತರಗತಿಗೆ ಬರುತ್ತಾರೆ. ಮೊದಲ ದಿನ ಬೋರ್ಡಿನ ಮೇಲೆ ಇಸವಿ 2562 ಅಂತ ಬರೆದಿತ್ತು. ಯಾರೋ ತಪ್ಪು ಬರೆದಿದ್ದಾರೆ ಅಂದುಕೊಂಡು ಒರೆಸಲು ಹೋದೆ. ಮಕ್ಕಳೆಲ್ಲಾ ಗೊಳ್ಳೆಂದು ನಕ್ಕರು. ಅಲ್ಲಿ ಬುದ್ಧನ ಶಕೆ ಬಳಕೆಯಲ್ಲಿದೆ. ನಮ್ಮ ಇಸವಿಗೆ 543 ಕೂಡಿಸಿದರೆ ಅವರದು ಬರುತ್ತದೆ. ನೀವೂ ಕೂಡಿಸಿ ನೋಡಿ.

ಅವರ ನಮಸ್ಕಾರಕ್ಕೆ ‘ವಾಯ್’ ಎಂದು ಹೆಸರು. ನಮ್ಮ ಹಾಗೇ ಕೈ ಮುಗಿಯುವುದು, ಆದರೆ ಅದಕ್ಕೆ ಲೆಕ್ಕ ಉಂಟು. ಸರೀಕರಿಗೆ ಮುಗಿದರೆ ಹೆಬ್ಬೆರಳು ಗಲ್ಲದ ಹತ್ತಿರ ಇರಬೇಕು. ತಂದೆತಾಯಿಗೆ, ಮೇಷ್ಟ್ರಿಗೆ ಆದರೆ ಮೂಗಿನ ತುದಿಗೆ. ಭಿಕ್ಷುಗಳಿಗೆ ಹುಬ್ಬಿನ ನಡುವೆ. ಚಿಕ್ಕವರು ಮೊದಲು ಮುಗಿಯಬೇಕು. ಬಾಯಲ್ಲಿ ‘ಸವಾತ್‌ದೀ’ ಅನ್ನುತ್ತಾರೆ. ಅದು ‘ಸ್ವಸ್ತಿ’ಯಿಂದ ಬಂದದ್ದು. ಮೇಷ್ಟ್ರಿಗೆ ‘ಖ್ರೂ’ ಅನ್ನುತ್ತಾರೆ, ಅಂದರೆ ಗುರು.

ಇಷ್ಟೊಂದು ಮರ್ಯಾದೆ ಕಂಡು ನಾನು ಹಿಗ್ಗಿಹೋದೆ. ಪಾಠ ಮುಗಿಸಿ ‘ಖಾವ್ ಜಾಯ್ ಮೈ?’ ಅಂತ ಕೇಳುತ್ತಿದ್ದೆ. ಅಂದರೆ ‘ಅರ್ಥ ಆಯ್ತಾ?’ ಎಂದು. ‘ಖಾವ್ ಜಾಯ್’ ಎಂದು ಎಲ್ಲರೂ ನಗುತ್ತಾ ತಲೆ ಆಡಿಸುತ್ತಿದ್ದರು. ಎರಡು ವಾರ ಬಿಟ್ಟು ಪರೀಕ್ಷೆ ಕೊಟ್ಟೆ. ಮೂವತ್ತು ಮಕ್ಕಳಲ್ಲಿ ಸರಿಯಾಗಿ ಬರೆದವರು ಆರೇ ಜನ! ರಾತ್ರಿ ನಿದ್ದೆ ಬರಲಿಲ್ಲ. ಮೇಷ್ಟ್ರಾಗುವುದಕ್ಕೆ ನಾನು ಲಾಯಕ್ಕೇ ಅಲ್ಲವೇನೋ ಅನ್ನಿಸಿಬಿಟ್ಟಿತು.

ಮರುದಿನ ಅಲ್ಲಿಯ ಹಿರಿಯ ಶಿಕ್ಷಕಿಯೊಬ್ಬರು ಕೂರಿಸಿಕೊಂಡು ಹೇಳಿದರು: “ಮಕ್ಕಳು ಸುಳ್ಳು ಹೇಳಿದ್ದಲ್ಲ. ಅರ್ಥ ಆಗಲಿಲ್ಲ ಅಂದರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದಾರೆ.” ಇದಕ್ಕೆ ಅವರು ‘ಕ್ರೆಂಗ್ ಜಾಯ್’ ಅನ್ನುತ್ತಾರೆ. ನಮ್ಮಲ್ಲಿ ದಾಕ್ಷಿಣ್ಯ ಅಂತೀವಲ್ಲ, ಹೆಚ್ಚುಕಮ್ಮಿ ಅದೇ. ‘ಖಾವ್ ಜಾಯ್’ ಅಂದರೂ ಪದಶಃ ‘ಮನಸ್ಸಿನೊಳಗೆ ಹೋಯಿತು’ ಎಂದೇ ಅರ್ಥವಂತೆ. ನನ್ನ ಪಾಠ ಮಕ್ಕಳ ಕಿವಿವರೆಗೆ ಮಾತ್ರ ಹೋಗಿತ್ತು.

ಅದಾದ ಮೇಲೆ ಜೂನ್‌ನಲ್ಲಿ ಒಂದು ಗುರುವಾರ ‘ವಾಯ್ ಖ್ರೂ’ ಹಬ್ಬ ಬಂತು. ಶಾಲೆ ಶುರುವಾದ ಹೊಸದರಲ್ಲಿ ಮಾಡುವ ಗುರುಪೂಜೆ ಅದು. (ಜನವರಿ 16ರಂದು ಶಿಕ್ಷಕರ ದಿನಾಚರಣೆ ಬೇರೆ ಉಂಟು, 1957ರಿಂದ ನಡೆದು ಬಂದಿದೆ.) ಗುರುವಾರವೇ ಯಾಕೆ ಅಂದರೆ, ಆ ವಾರಕ್ಕೆ ಅವರು ಇಟ್ಟಿರುವ ಹೆಸರು ‘ಬೃಹಸ್ಪತಿ’ಯಿಂದ ಬಂದದ್ದು. ಬೃಹಸ್ಪತಿ ದೇವತೆಗಳ ಗುರು ಅಲ್ಲವೇ? ಮಕ್ಕಳು ಪಾಲಿ ಭಾಷೆಯಲ್ಲಿ ಶುರುವಾಗುವ ಗುರುವಂದನೆ ಹಾಡಿ, ಮೊಣಕಾಲ ಮೇಲೆ ನಡೆದು ಬಂದು ಹೂವಿನ ತಟ್ಟೆ ಕೊಟ್ಟರು. ಅದರಲ್ಲಿ ಇದ್ದದ್ದು ನಾಲ್ಕು ಸಾಮಾನು. ನಾಲ್ಕೂ ನಮ್ಮೂರಲ್ಲಿ ಸಿಗುವಂಥವೇ!

1. ಬದನೆ ಹೂವು: ಬಾಗಿಕೊಂಡೇ ಅರಳುತ್ತದೆ. ವಿನಯದ ಗುರುತು.
2. ಗರಿಕೆ: ತುಳಿದರೂ ಒಣಗಿದರೂ ಮತ್ತೆ ಚಿಗುರುತ್ತದೆ. ಬಿಡದ ಪ್ರಯತ್ನದ ಗುರುತು.
3. ಅರಳು: ಶಿಸ್ತಿನ ಗುರುತು.
4. ಕೇಪಳ ಹೂವು: ಅದಕ್ಕೆ ಅವರು ‘ಖೆಂ’ ಅನ್ನುತ್ತಾರೆ, ಅಂದರೆ ಸೂಜಿ. ಮೊಗ್ಗು ಸೂಜಿಯಂತೆ ಚೂಪು. ಚುರುಕು ಬುದ್ಧಿಯ ಗುರುತು.

ತಟ್ಟೆ ಕೈಯಲ್ಲಿ ಹಿಡಿದಾಗ ನನಗೆ ಹೊಳೆಯಿತು. ಬದನೆ ಹೂವೊಂದೇ ಇದ್ದರೆ ಸಾಲದು, ಕೇಪಳವೂ ಬೇಕು ಅಂತ ಅವರ ಹಿರಿಯರೇ ಮಾಡಿಟ್ಟಿದ್ದಾರೆ. ಮೇಷ್ಟ್ರಿಗೆ ತಲೆ ಬಾಗುವುದೂ ಅವರನ್ನು ಪ್ರಶ್ನೆ ಕೇಳುವುದೂ ಒಂದೇ ತಟ್ಟೆಯವು.

ಸೋಮವಾರ ಒಂದು ಬಿಸ್ಕತ್ತಿನ ಡಬ್ಬ ತಂದು ಕಿಟಕಿ ಹತ್ತಿರ ಇಟ್ಟೆ. ಅರ್ಥವಾಗದ್ದನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಹಾಕಿ ಅಂದೆ. ಎರಡು ದಿನ ಡಬ್ಬ ಖಾಲಿ. ಮೂರನೇ ದಿನ ಒಂದು ಚೀಟಿ ಸಿಕ್ಕಿತು. ಥಾಯ್ ಭಾಷೆಯಲ್ಲಿತ್ತು. ಶಿಕ್ಷಕಿಯವರು ಓದಿ, ನಗು ತಡೆದುಕೊಂಡು ಅರ್ಥ ಹೇಳಿದರು: “ಮೇಷ್ಟ್ರೇ, ನೀವು ಬಹಳ ಬೇಗ ಬೇಗ ಮಾತಾಡುತ್ತೀರಿ.” ಆವತ್ತಿನಿಂದ ನಿಧಾನವಾಗಿ ಪಾಠ ಮಾಡುವುದನ್ನು ಕಲಿತೆ. ಹೊರಡುವ ಹೊತ್ತಿಗೆ ದಿನಕ್ಕೆ ಏಳೆಂಟು ಚೀಟಿ ಬೀಳುತ್ತಿದ್ದವು.

ಗೆಳೆಯರೇ, ನಮ್ಮ ತರಗತಿಯಲ್ಲೂ “ಅರ್ಥ ಆಯ್ತಾ?” ಅಂದ ಕೂಡಲೇ “ಆಯ್ತು ಸಾ...ರ್” ಅಂತ ಒಂದೇ ರಾಗ ಕೇಳುತ್ತದೆ. ನಿಮ್ಮ ವಯಸ್ಸಿನಲ್ಲಿ ನಾನೂ ಆ ರಾಗ ಎಳೆದವನೇ. ಭಾಗಾಕಾರ ತಲೆಗೆ ಹತ್ತದಿದ್ದರೂ ಎಳೆದಿದ್ದೇನೆ. ಆದ್ದರಿಂದ ಏಳನೇ ತರಗತಿಯ ಕಿಟಕಿ ಹತ್ತಿರ ನಾನೊಂದು ಡಬ್ಬ ಇಟ್ಟಿದ್ದೇನೆ. ಹೆಸರು ಬೇಡ, ಚೀಟಿ ಸಾಕು. ದಾಕ್ಷಿಣ್ಯ ಮಾಡಬೇಡಿ.