ಕಾಂಕ್ರೀಟಿನೊಳಗಿನ ಕಂಬಿಗೆ ಕವಚ

ನಮ್ಮ ಕಾಸರಗೋಡಿನ ಕರಾವಳಿಯಲ್ಲಿ ಈಗ ಹಟ್ಟಿಯ ಮಾಡು, ನೀರಿನ ಟಾಂಕಿ, ಅಡಕೆ ಒಣಗಿಸುವ ತಾರಸಿ ಎಲ್ಲಕ್ಕೂ ಕಾಂಕ್ರೀಟೇ ಬೇಕಾಗಿದೆ. ಕಟ್ಟಿದ ಕೆಲವು ವರ್ಷಗಳಲ್ಲೇ ತಾರಸಿಯ ಅಡಿಯಿಂದ ಹೊಪ್ಪಳೆ ಕಳಚಿ, ತುಕ್ಕು ತಿಂದ ಕಂಬಿ ಹೊರಗಿಣುಕುವುದನ್ನು ನಾವೆಲ್ಲರೂ ಕಂಡವರೇ. ಆ ತುಂಡು ಕಟ್ಟಿದ ಹಸುವಿನ ಮೇಲೆ ಬಿದ್ದರೆ ನಷ್ಟ. ಮಗುವಿನ ಮೇಲೆ ಬಿದ್ದರೆ ಹೇಳತೀರದು.

ಒಳ್ಳೆಯ ಕಾಂಕ್ರೀಟಿಗೆ ಬಲವಾದ ಕ್ಷಾರಗುಣವಿದೆ. ಅದು ಕಂಬಿಯ ಮೈಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿ ಕಾಯುತ್ತದೆ. ಉಪ್ಪು ಒಳಹೊಕ್ಕರೆ ಆ ಪೊರೆ ಕೆಡುತ್ತದೆ. ಕಡಲ ಗಾಳಿ, ಅಳಿವೆಯ ಬದಿಯ ಬಾವಿಯ ಉಪ್ಪುನೀರು, ಕಡಲ ಹೊಯಿಗೆ, ಇವು ಉಪ್ಪು ಬರುವ ದಾರಿಗಳು. ತುಕ್ಕಿಗೆ ಮೂಲ ಕಬ್ಬಿಣದ ಎರಡು ಪಾಲಿಗೂ ಮಿಕ್ಕಿ ಜಾಗ ಬೇಕು. ಆದ್ದರಿಂದ ಅದು ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ.

ಇದನ್ನು ತಡೆಯಲು ಕಂಬಿಗೆ ಲೇಪ ಕೊಡುವ ಕ್ರಮವಿದೆ. ಮುಖ್ಯವಾದವು ಮೂರು. ಒಂದು, ತುಕ್ಕುನಿರೋಧಕ ಬೆರೆಸಿದ ಸಿಮೆಂಟು ತಿಳಿಯ ಲೇಪ. ಕಾರೈಕುಡಿಯ ಕೇಂದ್ರೀಯ ವಿದ್ಯುತ್-ರಾಸಾಯನಿಕ ಸಂಶೋಧನಾ ಸಂಸ್ಥೆ ಇದನ್ನು ರೂಪಿಸಿತು. ಎರಡು, ಕರಗಿದ ಸತುವಿನಲ್ಲಿ ಅದ್ದಿದ ಕಂಬಿ. ಸಣ್ಣ ಗೀರು ಬಿದ್ದರೂ ಸತುವು ತಾನು ಮೊದಲು ಸವೆದು ಉಕ್ಕನ್ನು ಉಳಿಸುತ್ತದೆ. ಮೂರು, ಕಾರ್ಖಾನೆಯಲ್ಲಿ ಬಿಸಿ ಕಂಬಿಗೆ ಪುಡಿ ಸಿಂಪಡಿಸಿ ಹಿಡಿಸುವ ಎಪಾಕ್ಸಿ ಲೇಪ. ಇದರಲ್ಲಿ ಗೀರು ಬಿದ್ದರೆ ಅಲ್ಲಿಂದಲೇ ತುಕ್ಕು ಲೇಪದಡಿ ಹರಡುತ್ತದೆ. ಅಮೆರಿಕದ ಫ್ಲಾರಿಡಾದ ಕಡಲ ಸೇತುವೆಗಳಲ್ಲಿ ಇಂಥ ಕಂಬಿಗಳೂ ತುಕ್ಕು ಹಿಡಿದುದು 1986ರಲ್ಲಿ, ಕಟ್ಟಿ ಹತ್ತು ವರ್ಷ ತುಂಬುವ ಮೊದಲೇ, ಬೆಳಕಿಗೆ ಬಂತು. ಆದ್ದರಿಂದ ಲೇಪದ ಕಂಬಿಯನ್ನು ನೆಲದ ಮೇಲೆ ಎಳೆಯಬಾರದು. ಗೀರು ಕಂಡಲ್ಲಿ ಕೂಡಲೇ ಲೇಪ ಹಚ್ಚಬೇಕು. ಕಂಬಿಗೆ ಎಣ್ಣೆಯನ್ನೋ ಮನೆಯ ಬಣ್ಣವನ್ನೋ ಬಳಿದರೆ ಲೇಪವಾಗದು. ಕಾಂಕ್ರೀಟಿನ ಹಿಡಿತವೇ ತಪ್ಪುತ್ತದೆ.

ಲೇಪವೊಂದನ್ನೇ ನಂಬಿದರೆ ಮೇಲೆ ಥಳಕು, ಒಳಗೆ ಹುಳುಕು ಎಂದಾದೀತು. 2000ದಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 456, ಕರಾವಳಿಯ ಗಾಳಿಗೆ ತೆರೆದ ಕಟ್ಟಡದಲ್ಲಿ ಕಂಬಿಯ ಹೊರಗೆ 45 ಮಿಲಿಮೀಟರು ಕಾಂಕ್ರೀಟು ಇರಬೇಕೆಂದು ವಿಧಿಸಿತು. ಕಂಬಿಯಡಿಗೆ ಆ ದಪ್ಪದ ಸಿಮೆಂಟಿನ ಬಿಲ್ಲೆ ಇಡಿಸಿರಿ. ಕುಡಿಯಲು ಯೋಗ್ಯವಾದ ಸಿಹಿನೀರನ್ನೇ ಬಳಸಿರಿ. ಕಲಸುವಾಗ ನೀರು ಹೆಚ್ಚಾಗದಿರಲಿ. ಕಡಿಮೆಯೆಂದರೆ 10 ದಿನ ಒದ್ದೆ ಆರದಂತೆ ನೋಡಿಕೊಳ್ಳಿರಿ.

ಕೈಯಲ್ಲಿ ಹಣ ಮಿತವಾಗಿದ್ದರೆ ಮೊದಲು ಇವಿಷ್ಟನ್ನು ಸರಿಯಾಗಿ ಮಾಡಿಸಿ, ಮಿಕ್ಕುದನ್ನು ಲೇಪಕ್ಕೆ ವೆಚ್ಚ ಮಾಡುವುದು ಜಾಣತನ. ಮೇಸ್ತ್ರಿ ಕಂಬಿ ಕಟ್ಟಿ ಮುಗಿಸಿದ ದಿನ, ಕಾಂಕ್ರೀಟು ಸುರಿಯುವ ಮೊದಲು, ಅಳತೆಕೋಲು ಹಿಡಿದು ನಾವೇ ಹೋಗಿ ನೋಡೋಣ.